ಎಕ್ಸ್‌ಎಂಎಲ್ ವೃಕ್ಷ ಮತ್ತು ಕನ್ನಡದ ಸಂಧಿ: ಪಠ್ಯ ಸಂಕೇತೀಕರಣದ ಒಂದು ವಿಮರ್ಶೆ

ಕನ್ನಡ ಪಠ್ಯಗಳ ಗಣಕೀಕರಣವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಅಕ್ಷರದ ಹಂತದಲ್ಲೇ ನಿಂತಿದೆ. ಫಾಂಟು ಯಾವುದು, ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವುದು ಹೇಗೆ, ಒತ್ತಕ್ಷರ ತೆರೆಯ ಮೇಲೆ ಸರಿಯಾಗಿ ಮೂಡುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಕೆಲಸ ಮುಗಿಯಿತೆಂಬ ಭಾವನೆ ಇದೆ. ಅದರಾಚೆಗೆ ಇನ್ನೊಂದು ಹಂತವಿದೆ. ಪಠ್ಯದ ಯಾವ ಭಾಗ ಶೀರ್ಷಪದ, ಯಾವುದು ಅರ್ಥ, ಯಾವುದು ಉದಾಹರಣೆ, ಪದ ಎಲ್ಲಿ ಮುಗಿಯುತ್ತದೆ, ಪ್ರತ್ಯಯ ಎಲ್ಲಿ ತೊಡಗುತ್ತದೆ ಎಂಬುದನ್ನು ಗುರುತಿಸಿ ಬರೆದಿಡುವ ಹಂತವದು. ಇದಕ್ಕೆ ಇಂದು ವಿದ್ವತ್ ವಲಯದಲ್ಲಿ ಒಪ್ಪಿತವಾಗಿರುವ ಸಾಧನ ಎಕ್ಸ್‌ಎಂಎಲ್. ನಿಘಂಟು, ಶಾಸನ, ಕಾವ್ಯ, ಕ್ಷೇತ್ರಕಾರ್ಯದ ಧ್ವನಿಮುದ್ರಣಗಳ ಬರಹರೂಪ, ಸಂಶೋಧನ ಪತ್ರಿಕೆಯ ಲೇಖನ ಎಲ್ಲವೂ ಈ ಅಚ್ಚಿಗೆ ಬರುತ್ತಿವೆ. ಆದರೆ ಈ ಗುರುತಿಸುವ ಕೆಲಸವನ್ನು ಬೆರಳಚ್ಚಿನ ಮುಂದುವರಿಕೆಯೆಂದು ಬಗೆದು ತಂತ್ರಜ್ಞರಿಗೆ ಒಪ್ಪಿಸಿಬಿಡುವ ರೂಢಿ ಬೆಳೆದಿದೆ. ಕನ್ನಡದ ಮಟ್ಟಿಗೆ ಟ್ಯಾಗು ಎಲ್ಲಿ ಬೀಳಬೇಕೆಂಬುದು ವ್ಯಾಕರಣದ ನಿರ್ಣಯ ಎಂಬುದು ನಮ್ಮ ವಾದ. ಆ ನಿರ್ಣಯವನ್ನು ಎಕ್ಸ್‌ಎಂಎಲ್‌ನ ವೃಕ್ಷರಚನೆ ನಮಗೆ ತಿಳಿಯದಂತೆ ಒಂದು ದಿಕ್ಕಿಗೆ ಎಳೆಯುತ್ತದೆ ಎಂಬುದು ಅದರ ಮುಂದಿನ ಮಾತು.

ಈ ಸಾಧನ ನಮಗೆ ಪರಕೀಯವೇನಲ್ಲ ಎಂಬುದನ್ನು ಮೊದಲು ನೆನೆಯಬೇಕು. ೧೯೬೯ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಸಂಗಡಿಗರು ರೂಪಿಸಿದ ಜಿಎಂಎಲ್, ೧೯೮೬ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್, ೧೯೯೮ರ ಫೆಬ್ರವರಿಯಲ್ಲಿ ಹೊರಬಂದ ಎಕ್ಸ್‌ಎಂಎಲ್ ೧.೦ ಎಂಬ ವಂಶಾವಳಿಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಎಕ್ಸ್‌ಎಂಎಲ್ ನಿರ್ದಿಷ್ಟಪತ್ರದ ಮೂವರು ಸಂಪಾದಕರಲ್ಲಿ ಒಬ್ಬರಾದ ಟಿಮ್ ಬ್ರೇ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಗಣಕೀಕರಣಕ್ಕಾಗಿ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ನಡೆದ ಯೋಜನೆಯಿಂದ ಬಂದವರು. ಇನ್ನೊಬ್ಬರಾದ ಮೈಕೇಲ್ ಸ್ಪೆರ್ಬರ್ಗ್-ಮೆಕ್‌ಕ್ವೀನ್ ಭಾಷಾಸಾಹಿತ್ಯದ ವಿದ್ವಾಂಸರು. ೧೯೮೭ರಲ್ಲಿ ಆರಂಭವಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್, ಅಂದರೆ ಟಿಇಐ, ಮಾರ್ಗಸೂಚಿಯ ಸಂಪಾದಕರೂ ಅವರೇ. ನಿಘಂಟು ಮತ್ತು ಗ್ರಂಥಸಂಪಾದನೆಯ ಅನುಭವ ಎಕ್ಸ್‌ಎಂಎಲ್‌ನ ಹುಟ್ಟಿನಲ್ಲೇ ಸೇರಿದೆ. ಹೀಗಿರುವಾಗ ಭಾಷಾವಿಜ್ಞಾನಿ ಅದರಿಂದ ದೂರ ನಿಲ್ಲುವುದಕ್ಕೆ ಕಾರಣ ಕಾಣದು.

ಅದು ಕೊಡುವ ಭರವಸೆಯೂ ಸಣ್ಣದಲ್ಲ. ಒಂದೇ ಮೂಲಕಡತದಿಂದ ಮುದ್ರಣದ ಪುಟ, ಜಾಲದ ಪುಟ, ಶೋಧನೀಯ ದತ್ತಸಂಚಯ ಮೂರನ್ನೂ ಪಡೆಯಬಹುದು. ಅಚ್ಚಿನ ರೂಪ ಬದಲಾದರೂ ಪಠ್ಯ ಕೆಡುವುದಿಲ್ಲ. ಹಳೆಯ ಎಂಟು-ಬಿಟ್ ಫಾಂಟುಗಳಲ್ಲಿ ಸಿದ್ಧವಾಗಿ ಪಿಡಿಎಫ್ ಆದ ಕನ್ನಡ ಮಹಾಪ್ರಬಂಧದಿಂದ ಒಂದು ವಾಕ್ಯವನ್ನು ನಕಲಿಸಲು ಯತ್ನಿಸಿದವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಕೈಗೆ ಸಿಕ್ಕುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ವರ್ಷಗಟ್ಟಲೆ ಕಲೆಹಾಕಿದ ಉಪಭಾಷಾ ಸಾಮಗ್ರಿ ಕಣ್ಣಿಗೆ ಮಾತ್ರ ಉಳಿದು ಗಣಕಕ್ಕೆ ಇಲ್ಲವಾಗಿದೆ. ಈ ಮಟ್ಟಿಗೆ ಎಕ್ಸ್‌ಎಂಎಲ್‌ನ ಪರವಾಗಿ ವಾದಿಸುವ ಅಗತ್ಯವೇ ಇಲ್ಲ. ತೊಡಕು ಇರುವುದು ‘ರೂಪದಿಂದ ವಿಷಯವನ್ನು ಬೇರ್ಪಡಿಸಿ’ ಎಂಬ ಅದರ ಮೂಲಮಂತ್ರದಲ್ಲಿ. ಬೇರ್ಪಡಿಸುವವನು ವಿಷಯ ಯಾವುದೆಂದು ಮೊದಲೇ ತಿಳಿದಿರಬೇಕಲ್ಲ!

ಕಿಟ್ಟೆಲರ ನಿಘಂಟನ್ನು ನೋಡೋಣ. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಆ ಗ್ರಂಥದ ಒಂದು ನಮೂದಿನಲ್ಲಿ ಶೀರ್ಷಪದ, ಇಂಗ್ಲಿಷ್ ಅರ್ಥ, ತದ್ಭವವಾಗಿದ್ದರೆ ಅದರ ಸೂಚನೆ, ಆಕರಗ್ರಂಥದ ಸಂಕ್ಷೇಪ, ಸೋದರ ಭಾಷೆಗಳ ರೂಪಗಳು, ಕೆಲವೆಡೆ ಗಾದೆ ಇವೆಲ್ಲ ಇಕ್ಕಟ್ಟಿನ ಒಂದೇ ಹರಿವಿನಲ್ಲಿ ಬರುತ್ತವೆ. ಆವರಣದಲ್ಲಿರುವ ತಮಿಳು, ತೆಲುಗು, ತುಳು ರೂಪಗಳು ಇಡೀ ನಮೂದಿಗೆ ಸಂಬಂಧಿಸಿದವೋ, ಹತ್ತಿರದ ಅರ್ಥವೊಂದಕ್ಕೆ ಮಾತ್ರವೋ? ಅಚ್ಚಿನ ಪುಟ ಈ ಪ್ರಶ್ನೆಯನ್ನು ತೆರೆದೇ ಇಡಬಲ್ಲದು. ವೃಕ್ಷ ಹಾಗೆ ಬಿಡದು. ಪ್ರತಿಯೊಂದು ತುಣುಕಿಗೂ ಒಂದೇ ಒಂದು ತಾಯಿಗಂಟು ಇರಬೇಕು. ಆದ್ದರಿಂದ ಆ ರೂಪಗಳನ್ನು ನಮೂದಿನ ಕೆಳಗೆ ಇಡುವುದೋ ಅರ್ಥದ ಕೆಳಗೆ ಇಡುವುದೋ ಎಂಬುದನ್ನು ಸಂಕೇತೀಕರಿಸುವವರು ನಿರ್ಣಯಿಸಲೇಬೇಕು. ಕಿಟ್ಟೆಲರು ಹೇಳದೆ ಬಿಟ್ಟದ್ದನ್ನು ಟ್ಯಾಗು ಹೇಳುತ್ತದೆ. ಓದುಗನಿಗೆ ಅದು ಕಿಟ್ಟೆಲರ ಮಾತಾಗಿಯೇ ತಲಪುತ್ತದೆ.

ಟಿಇಐ ಮಾರ್ಗಸೂಚಿ ಈ ತೊಡಕನ್ನು ಕಾಣದೆ ಇಲ್ಲ. ಅದರ ನಿಘಂಟು ಅಧ್ಯಾಯ ಮೂರು ನೋಟಗಳನ್ನು ಬೇರೆ ಮಾಡುತ್ತದೆ: ಪುಟದ ಮೇಲಿನ ಅಚ್ಚುವಿನ್ಯಾಸದ ನೋಟ, ಅಚ್ಚಿಗೆ ಹೋಗುವ ಅಕ್ಷರಸರಣಿಯ ಸಂಪಾದಕೀಯ ನೋಟ, ಪದದ ಬಗೆಗಿನ ಮಾಹಿತಿಯ ಕೋಶೀಯ ನೋಟ. ಕಟ್ಟುಪಾಡಿಗೆ ಒಗ್ಗದ ನಮೂದುಗಳಿಗೆಂದು ಸಡಿಲವಾದ ಘಟಕವನ್ನೂ ಒದಗಿಸುತ್ತದೆ. ಕನ್ನಡದಲ್ಲಿ ಈ ಮೂರು ನೋಟಗಳ ನಡುವಿನ ಅಂತರ ಹೆಚ್ಚು. ಪಾಲ್ ಮತ್ತು ಹಾಲು ಅಕಾರಾದಿಯ ಪುಸ್ತಕದಲ್ಲಿ ಬಹುದೂರ ನಿಲ್ಲುತ್ತವೆ. ಕೋಶೀಯ ನೋಟದಲ್ಲಿ ಅವು ಒಂದೇ ಪದದ ಎರಡು ಕಾಲಘಟ್ಟಗಳು. ಒಂದೇ ನಮೂದು ಎಂದು ಬರೆದರೆ ಪುಸ್ತಕ ಹೋಯಿತು, ಎರಡು ಎಂದರೆ ಪದದ ಚರಿತ್ರೆ ಹೋಯಿತು. ಎರಡನ್ನೂ ಬರೆದು ಕೊಂಡಿ ಹಾಕಬಹುದು, ನಿಜ. ಆದರೆ ಆ ಕೊಂಡಿಗೆ ‘ಹಳಗನ್ನಡ ರೂಪ’ ಎಂಬ ಹೆಸರು ಕೊಡುವುದೋ ‘ಪ್ರತಿರೂಪ’ ಎನ್ನುವುದೋ ಎಂಬಲ್ಲಿಗೆ ಮತ್ತೆ ನಾವು ಧ್ವನಿಪರಿವರ್ತನೆಯ ಕಾಲನಿರ್ಣಯಕ್ಕೇ ಬಂದು ನಿಲ್ಲುತ್ತೇವೆ.

ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಕೋಶದ ವಿಷಯದಲ್ಲಿ ಅಪಾಯ ಇನ್ನೂ ಸೂಕ್ಷ್ಮವಾದದ್ದು. ೧೯೬೧ರಲ್ಲಿ ಮೊದಲು ಬಂದು ೧೯೮೪ರಲ್ಲಿ ಪರಿಷ್ಕರಣಗೊಂಡ ಆ ಕೋಶ ಜ್ಞಾತಿರೂಪಗಳನ್ನು ಸಂಖ್ಯೆಯ ಕೆಳಗೆ ಗುಂಪುಗೂಡಿಸುತ್ತದೆ. ಮೂಲದ್ರಾವಿಡ ರೂಪವನ್ನು ಪುನಾರಚಿಸಿ ಕೊಡುವುದಿಲ್ಲ. ಇದು ಸಂಪಾದಕರು ಬುದ್ಧಿಪೂರ್ವಕವಾಗಿ ತೋರಿದ ಸಂಯಮ. ಇದನ್ನು ಎಕ್ಸ್‌ಎಂಎಲ್‌ಗೆ ತರುವಾಗ ಸಿದ್ಧ ಸ್ಕೀಮಾವೊಂದರ ವ್ಯುತ್ಪತ್ತಿ ಘಟಕವನ್ನು ಬಳಸಿ ಪ್ರತಿರೂಪಕ್ಕೂ ‘ಬಳುವಳಿ’ ಎಂದೋ ‘ಎರವಲು’ ಎಂದೋ ಗುಣಲಕ್ಷಣ ತುಂಬಲು ಹೊರಟರೆ, ಸಂಪಾದಕರು ತಡೆಹಿಡಿದ ತೀರ್ಪನ್ನು ಒಂದು ಪಟ್ಟಿಯ ಆಯ್ಕೆ ಹೇಳಿಬಿಡುತ್ತದೆ. ಖಾಲಿ ಬಿಟ್ಟ ಖಾನೆಯನ್ನು ಸ್ಕೀಮಾ ದೋಷವೆಂದು ತೋರಿಸುತ್ತದೆ, ತುಂಬಿದ ಖಾನೆ ತಪ್ಪಾಗಿದ್ದರೂ ಒಪ್ಪುತ್ತದೆ. ಕಡ್ಡಾಯ ಗುಣಲಕ್ಷಣಗಳನ್ನು ಉದಾರವಾಗಿ ಹಂಚುವ ಸ್ಕೀಮಾಗಳ ಬಗ್ಗೆ ನಮಗೆ ಇರುವ ಮುಖ್ಯ ಆಕ್ಷೇಪ ಇದು.

ನಿಘಂಟನ್ನು ಬಿಟ್ಟು ಪದದ ಒಳಕ್ಕೆ ಇಳಿದರೆ ಸಮಸ್ಯೆಯ ಮುಖ ಬದಲಾಗುತ್ತದೆ. ಸಾಮಾನ್ಯ ಪದವೊಂದನ್ನು ತೆಗೆದುಕೊಳ್ಳೋಣ: ಕಣ್ಣಿಂದ. ಪ್ರಕೃತಿ ಕಣ್ಣು, ಪ್ರತ್ಯಯ ಇಂದ, ನಡುವೆ ಉಕಾರ ಲೋಪ. ಇದನ್ನು ಪಠ್ಯದ ಒಳಗೇ ಟ್ಯಾಗು ಹಾಕಿ ಸೀಳಬೇಕೆಂದರೆ ಯೂನಿಕೋಡ್ ಸರಣಿಯಲ್ಲಿ ಎರಡನೆಯ ಣಕಾರಕ್ಕೂ ಇಕಾರದ ಚಿಹ್ನೆಗೂ ನಡುವೆ ಕತ್ತರಿ ಬೀಳಬೇಕು. ಎಡಗಡೆ ಉಳಿಯುವುದು ‘ಕಣ್ಣ’, ಅಂದರೆ ಅಲ್ಲಿ ಇಲ್ಲದ ಅಕಾರವೊಂದು ಸೇರಿಕೊಳ್ಳುತ್ತದೆ. ಬಲಗಡೆ ಆಸರೆಯಿಲ್ಲದ ಗುಣಿತಚಿಹ್ನೆಯಿಂದ ತೊಡಗುವ ತುಣುಕು. ಅದನ್ನು ತೆರೆಯ ಮೇಲೆ ಚುಕ್ಕೆಗಳ ವೃತ್ತದೊಡನೆ ತೋರಿಸುವುದು ತಂತ್ರಾಂಶಗಳ ವಾಡಿಕೆ. ಎಕ್ಸ್‌ಎಂಎಲ್‌ನ ನಿಯಮದಂತೆ ಕಡತ ಸುಸಂಘಟಿತವೇ. ಕನ್ನಡ ಓದುವವನಿಗೆ ಮಾತ್ರ ಎರಡೂ ತುಣುಕು ಕನ್ನಡವಲ್ಲ.

ಊರಲ್ಲಿ ಎಂಬ ಪದದಲ್ಲಿ ಸ್ಥಿತಿ ಇನ್ನೂ ವಿಷಮ. ಸಂಕೇತಬಿಂದುಗಳು ಆರು: ಊ, ರ, ಲ, ವಿರಾಮಚಿಹ್ನೆ, ಲ, ಇಕಾರಚಿಹ್ನೆ. ಧ್ವನಿಮಾಗಳೂ ಆರೇ, ಆದರೆ ಈ ಸರಿಸಮ ಕೇವಲ ಆಕಸ್ಮಿಕ. ಅಲ್ಲಿ ಎಂಬ ಪ್ರತ್ಯಯದ ಮೊದಲ ಧ್ವನಿಯಾದ ಅಕಾರಕ್ಕೆ ಈ ಸರಣಿಯಲ್ಲಿ ಸ್ವಂತ ಸಂಕೇತವೇ ಇಲ್ಲ. ಅದು ರಕಾರದೊಳಗೆ ಅಡಗಿದೆ. ಕಣ್ಣಿಂದ ಎಂಬಲ್ಲಿ ಕತ್ತರಿ ಬೀಳುವ ಜಾಗವಾದರೂ ಇತ್ತು, ಇಲ್ಲಿ ಅದೂ ಇಲ್ಲ. ರಕಾರದ ಮುಂದೆ ಕತ್ತರಿಸಿದರೆ ಪ್ರಕೃತಿಯ ವ್ಯಂಜನ ಪ್ರತ್ಯಯದ ಪಾಲಾಗುತ್ತದೆ, ಹಿಂದೆ ಕತ್ತರಿಸಿದರೆ ಪ್ರತ್ಯಯದ ಸ್ವರ ಪ್ರಕೃತಿಯ ಪಾಲಾಗುತ್ತದೆ. ಈ ತುಣುಕುಗಳನ್ನು ಎಣಿಸಿ ಸಪ್ತಮೀ ಪ್ರತ್ಯಯದ ಉಪರೂಪಗಳ ಪಟ್ಟಿ ತಯಾರಿಸಿದರೆ ‘ರಲ್ಲಿ’, ‘ದಲ್ಲಿ’, ‘ಲ್ಲಿ’ ಎಂಬ ಪ್ರತ್ಯಯಗಳು ಹುಟ್ಟಿಕೊಳ್ಳುತ್ತವೆ. ಇವುಗಳಲ್ಲಿ ಮರದಲ್ಲಿ ಎಂಬುದರ ದಕಾರವನ್ನು ಕುರಿತು ವ್ಯಾಕರಣದಲ್ಲಿ ನಿಜವಾದ ವಿವಾದಕ್ಕೆ ಎಡೆಯುಂಟು. ಅದು ವಿಭಕ್ತಿಯ ಮುನ್ನ ಬರುವ ಆಗಮವೋ, ಪ್ರಕೃತಿಯ ತಿರ್ಯಗ್ರೂಪದ ಅಂಗವೋ? ‘ರಲ್ಲಿ’ ಎಂಬುದಾದರೋ ಲಿಪಿಸಂಕೇತದ ಕೂಸು. ಸಂಚಯದಲ್ಲಿ ಇವೆರಡೂ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತವೆ.

ಮಳೆಗಾಲ ಎಂಬಂಥ ಆದೇಶಸಂಧಿಯಲ್ಲಿ ಕತ್ತರಿ ಬೀಳುವ ಜಾಗ ಸ್ಪಷ್ಟ. ಆದರೆ ಕತ್ತರಿಸಿದ ಮೇಲೆ ಸಿಕ್ಕುವುದು ಕಾಲವಲ್ಲ, ಗಾಲ. ಇಲ್ಲಿ ನಮ್ಮ ನೆನಪಿಗೆ ಬರುವುದು ೧೯೫೪ರಲ್ಲಿ ಚಾರ್ಲ್ಸ್ ಹಾಕೆಟ್ ಮಾಡಿದ ವಿಂಗಡಣೆ. ಘಟಕ ಮತ್ತು ಜೋಡಣೆಯ ಮಾದರಿ, ಘಟಕ ಮತ್ತು ಪ್ರಕ್ರಿಯೆಯ ಮಾದರಿ ಎಂದು ವ್ಯಾಕರಣ ವಿವರಣೆಯ ಎರಡು ದಾರಿಗಳನ್ನು ಅವರು ಗುರುತಿಸಿದರು. ಪಠ್ಯದೊಳಗೆ ಟ್ಯಾಗು ಹಾಕುವ ಪದ್ಧತಿ ತನ್ನ ಹುಟ್ಟುಗುಣದಿಂದಲೇ ಮೊದಲನೆಯ ಮಾದರಿ. ಅದಕ್ಕೆ ಸರಣಿಯಲ್ಲಿ ಒಂದರ ಪಕ್ಕ ಒಂದು ಕೂತ ತುಂಡುಗಳು ಬೇಕು. ಕೇಶಿರಾಜನಿಂದ ಇತ್ತೀಚಿನ ಶಾಲಾವ್ಯಾಕರಣದವರೆಗೆ ಲೋಪ, ಆಗಮ, ಆದೇಶ ಎಂದು ಸಂಧಿಯನ್ನು ವಿವರಿಸಿದ ನಮ್ಮ ಪರಂಪರೆ ಎರಡನೆಯದು. ಅಲ್ಲಿ ರೂಪವೊಂದು ಇನ್ನೊಂದಾಗುತ್ತದೆ. ಎಕ್ಸ್‌ಎಂಎಲ್ ಸಂಕೇತೀಕರಣ ಸಿದ್ಧಾಂತನಿರಪೇಕ್ಷವಾದದ್ದು ಎಂಬ ಮಾತನ್ನು ಕಾರ್ಯಾಗಾರಗಳಲ್ಲಿ ಮತ್ತೆಮತ್ತೆ ಕೇಳುತ್ತೇವೆ. ಕನ್ನಡದ ಪ್ರತ್ಯಯವೊಂದನ್ನು ಟ್ಯಾಗು ಮಾಡಿ ನೋಡಿದವರು ಅದನ್ನು ಒಪ್ಪುವುದು ಕಷ್ಟ.

ಟ್ಯಾಗುಗಳ ಹೆಸರನ್ನು ಕನ್ನಡದಲ್ಲಿಟ್ಟರೆ ಈ ತೊಂದರೆ ನೀಗೀತೆಂಬ ಆಸೆಯೂ ಕೆಲವರಲ್ಲಿದೆ. ಎಕ್ಸ್‌ಎಂಎಲ್ ಮೊದಲಿನಿಂದಲೂ ಕನ್ನಡಲಿಪಿಯ ಘಟಕನಾಮಗಳನ್ನು ಒಪ್ಪುತ್ತದೆ. ಟಿಇಐ ಕೂಡ ಪರ್ಯಾಯ ಹೆಸರಿಗೆ ಅವಕಾಶ ಕೊಟ್ಟಿದೆ. ಆದರೆ ಇಂಗ್ಲಿಷಿನ ಕೇಸ್ ಎಂಬುದರ ಜಾಗದಲ್ಲಿ ವಿಭಕ್ತಿ ಎಂದು ಬರೆದ ಕೂಡಲೇ ಬದಲಾಗುವುದು ಹೆಸರೊಂದೇ ಅಲ್ಲ. ಏಳು ವಿಭಕ್ತಿಗಳ ಸಂಸ್ಕೃತದ ಚೌಕಟ್ಟೂ ಅದರ ಬೆನ್ನಿಗೇ ಬರುತ್ತದೆ.

ಪದ್ಯಕ್ಕೆ ಬಂದರೆ ವೃಕ್ಷದ ಇನ್ನೊಂದು ಮಿತಿ ತಲೆದೋರುತ್ತದೆ. ೧೯೯೦ರಲ್ಲಿ ಡಿರೋಸ್, ಡ್ಯೂರಂಡ್, ಮೈಲೋನಸ್ ಮತ್ತು ರೆನಿಯರ್ ಅವರು ಪಠ್ಯವೆಂದರೆ ವಿಷಯಘಟಕಗಳ ಕ್ರಮಬದ್ಧ ಶ್ರೇಣಿ ಎಂದು ಪ್ರತಿಪಾದಿಸಿದರು. ಒಂದರೊಳಗೊಂದು ಅಡಕವಾಗದ ಶ್ರೇಣಿಗಳ ಸಮಸ್ಯೆ ಎದುರಾದಾಗ ಅವರಲ್ಲಿ ಮೂವರು ಆ ನಿಲುವನ್ನು ತಿದ್ದಿಕೊಂಡರು. ಇಂಗ್ಲಿಷ್ ಪದ್ಯದಲ್ಲಿ ಈ ಸಮಸ್ಯೆ ಸಾಮಾನ್ಯವಾಗಿ ವಾಕ್ಯ ಮತ್ತು ಸಾಲಿನ ನಡುವಿನದು. ಕನ್ನಡದಲ್ಲಿ ಅದು ಪದ ಮತ್ತು ಸಾಲಿನ ನಡುವೆಯೇ ಇದೆ. ಯತಿಯನ್ನು ಲೆಕ್ಕಿಸದ ನಮ್ಮ ವೃತ್ತಗಳಲ್ಲಿ, ಕಂದದಲ್ಲಿ, ಷಟ್ಪದಿಯಲ್ಲಿ ಪದ ಒಂದು ಪಾದದಲ್ಲಿ ತೊಡಗಿ ಮುಂದಿನದರಲ್ಲಿ ಮುಗಿಯುವುದಕ್ಕೆ ಅಡ್ಡಿಯಿಲ್ಲ. ಇದರ ಜೊತೆಗೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುವ ಆದಿಪ್ರಾಸ. ಪ್ರಾಸಕ್ಕೆ ಬೇಕಾದದ್ದು ಆ ಅಕ್ಷರದ ವ್ಯಂಜನ ಮಾತ್ರ, ಸ್ವರ ಬೇರೆಯಾಗಿರಬಹುದು. ಅದನ್ನು ಗುರುತಿಸಲು ಹೊರಟರೆ ವ್ಯಂಜನಕ್ಕೂ ಅದರ ಗುಣಿತಕ್ಕೂ ನಡುವೆ ಮತ್ತೆ ಅದೇ ಕತ್ತರಿ. ಹೀಗೆ ಒಂದೇ ಷಟ್ಪದಿಯಲ್ಲಿ ಮಾತ್ರಾಗಣ, ಪಾದ, ಪ್ರಾಸ, ಪದ, ವಾಕ್ಯ ಎಂಬ ಐದು ಶ್ರೇಣಿಗಳು ಒಂದನ್ನೊಂದು ದಾಟಿ ಹೋಗುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ವೃಕ್ಷವಾಗಿ ನಿಲ್ಲಿಸಿ ಉಳಿದವನ್ನು ಮೈಲಿಗಲ್ಲುಗಳಾಗಿ ನೆಡಬೇಕು. ಯಾವುದಕ್ಕೆ ಆ ಪಟ್ಟ? ಛಂದಸ್ಸಿನವರ ಉತ್ತರವೂ ವ್ಯಾಕರಣದವರ ಉತ್ತರವೂ ಒಂದೇ ಆಗಲಾರದು.

ಶಾಸನದ ಮಾತು ಇಲ್ಲಿ ಪ್ರಾಸಂಗಿಕ. ಕಲ್ಲಿನ ಮೇಲೆ ಪದಗಳ ನಡುವೆ ತೆರಪು ಇರುವುದಿಲ್ಲ. ೧೮೮೬ರಿಂದ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ನಾವು ಓದುವ ಪದವಿಭಾಗ ಸಂಪಾದಕರದು. ಅಚ್ಚಿನ ಯುಗದಲ್ಲಿ ನಾವು ಹಾಕಿದ ಮೊದಲ ಟ್ಯಾಗು ಆ ತೆರಪೇ ಎನ್ನಬಹುದು. ಅದನ್ನು ಪಠ್ಯದ ಅಂಗವೆಂದೇ ಇಂದು ನಾವು ಎಣಿಸುತ್ತಿದ್ದೇವೆ.

ಪರಿಹಾರಗಳಿಲ್ಲವೆಂದಲ್ಲ. ವೃಕ್ಷಕ್ಕೆ ಒಗ್ಗದ ರಚನೆಗಳಿಗಾಗಿ ಟಿಇಐ ನಾಲ್ಕು ದಾರಿಗಳನ್ನು ಚರ್ಚಿಸುತ್ತದೆ. ಅವುಗಳಲ್ಲಿ ಕನ್ನಡಕ್ಕೆ ಹೆಚ್ಚು ಹೊಂದುವುದು ಗುರುತುಗಳನ್ನು ಪಠ್ಯದ ಹೊರಗಿರಿಸಿ, ಪಠ್ಯದ ಜಾಗಗಳಿಗೆ ಬೊಟ್ಟು ಮಾಡುವ ವಿಧಾನ. ಆದರೆ ಇದನ್ನೂ ಕಣ್ಣುಮುಚ್ಚಿ ತರುವಂತಿಲ್ಲ. ಜಾಗವನ್ನು ಯಾವ ಅಳತೆಯಲ್ಲಿ ಎಣಿಸಬೇಕು? ಕೋಣೆ ಎಂಬ ಪದ ಸಂಯೋಜಿತ ರೂಪದಲ್ಲಿ ನಾಲ್ಕು ಸಂಕೇತಬಿಂದು, ವಿಘಟಿತ ರೂಪದಲ್ಲಿ ಆರು. ಓಕಾರದ ಚಿಹ್ನೆಯೊಂದೇ ಮೂರಾಗಿ ಒಡೆಯುತ್ತದೆ. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಸಾರುತ್ತದೆ. ಯಾವುದೋ ತಂತ್ರಾಂಶ ಕಡತವನ್ನು ತೆರೆದು ಉಳಿಸುವಾಗ ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಕಣ್ಣಿಗೆ ಏನೂ ತಿಳಿಯದು, ಬೊಟ್ಟುಗಳೆಲ್ಲ ಎರಡೆರಡು ಹೆಜ್ಜೆ ಸರಿದಿರುತ್ತವೆ. ಅರ್ಕಾವೊತ್ತನ್ನು ತಪ್ಪಿಸಲು ಸೇರಿಸುವ ಕಾಣದ ಜೋಡಕವೂ ಎಣಿಕೆಯಲ್ಲಿ ಒಂದು. ಮಾನಕಗಳ ಬುಡ ಭದ್ರವಾಗಿದೆಯೆಂದು ನಂಬುವ ಮೊದಲು ೞ ಅಕ್ಷರದ ಕಥೆಯನ್ನೂ ನೆನೆಯಬಹುದು. ಯೂನಿಕೋಡ್ ಅದಕ್ಕೆ ತಪ್ಪಾಗಿ ‘ಫ’ ಎಂದು ಹೆಸರಿಟ್ಟಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ತನ್ನದೇ ನಿಯಮಕ್ಕೆ ಕಟ್ಟುಬಿದ್ದು ಮುಂದೆ ತಿದ್ದುಪಡಿಯ ಉಪನಾಮವೊಂದನ್ನು ಅಂಟಿಸಿ ಸುಮ್ಮನಾಯಿತು.

ನಾವು ಮುಂದಿಡುವ ಕ್ರಮ ಹೀಗಿದೆ. ಕನ್ನಡಲಿಪಿಯ ಪಠ್ಯ ಒಂದು ಸ್ತರ. ಅದರಲ್ಲಿ ಅಕ್ಷರಕ್ಕಿಂತ ಒಳಗೆ ಯಾವ ಟ್ಯಾಗೂ ಇಳಿಯಬಾರದು, ಪ್ರತಿ ಅಕ್ಷರಕ್ಕೂ ಗುರುತುಸಂಖ್ಯೆ ಇರಬೇಕು. ಧ್ವನಿಮಾಗಳ ಸರಣಿ ಇನ್ನೊಂದು ಸ್ತರ. ಪ್ರಕೃತಿಪ್ರತ್ಯಯ ವಿಭಾಗ, ಪ್ರಾಸ, ಲೋಪಾಗಮಾದೇಶಗಳ ವಿವರಣೆ ಅಲ್ಲಿ ನಡೆಯಬೇಕು. ಎರಡಕ್ಕೂ ಅಕ್ಷರದ ಹಂತದಲ್ಲಿ ಕೊಂಡಿ. ಊರಲ್ಲಿ ಎಂಬುದರ ರಕಾರ ಎರಡನೆಯ ಸ್ತರದಲ್ಲಿ ಎರಡು ಧ್ವನಿಮಾಗಳಿಗೆ ಕೈಚಾಚುತ್ತದೆ. ಮೊದಲನೆಯದು ಪ್ರಕೃತಿಗೆ ಸೇರುತ್ತದೆ, ಎರಡನೆಯದು ಪ್ರತ್ಯಯಕ್ಕೆ. ಈ ಎರಡನೆಯ ಸ್ತರವನ್ನು ರೋಮನ್ ಲಿಪ್ಯಂತರದಲ್ಲಿ ಇಟ್ಟರೆ ಕನ್ನಡಲಿಪಿಯನ್ನು ಕೀಳುಗಳೆದಂತಾಗುತ್ತದೆ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಅಕ್ಷರಮಾಲೆಯ ವ್ಯವಸ್ಥೆ ಉಚ್ಚಾರದ ಘಟಕವನ್ನು ಹಿಡಿಯುವಲ್ಲಿ ಸಮರ್ಥವಾದದ್ದು. ಆಕೃತಿಮಾದ ಗಡಿಯನ್ನು ತೋರಿಸುವುದು ಅದರ ಹೊಣೆಯಲ್ಲ. ಹಲಂತ ವ್ಯಂಜನ, ಪೂರ್ಣಸ್ವರ ಎಂದು ಬಿಡಿಸಿ ಬರೆದರೆ ಕನ್ನಡಲಿಪಿಯಲ್ಲೂ ಈ ಸ್ತರ ಸಾಧ್ಯ: ಊರ್-ಅಲ್ಲಿ. ವ್ಯಾಕರಣದ ಪಾಠಗಳಲ್ಲಿ ಸಂಧಿ ಬಿಡಿಸಿದ್ದು ಹೀಗೆಯೇ ಅಲ್ಲವೇ? ಲಿಪಿಯ ಆಯ್ಕೆಯ ಬಗ್ಗೆ ನಮ್ಮದು ಹಟವಿಲ್ಲ. ಸ್ತರಗಳು ಎರಡಿರಬೇಕೆಂಬುದರಲ್ಲಿ ಹಟವುಂಟು.

ಇದರಿಂದ ಕೆಲಸ ಹೆಚ್ಚುತ್ತದೆ, ಕಡತವನ್ನು ಬರಿಗಣ್ಣಿನಿಂದ ಓದುವ ಸುಖ ಹೋಗುತ್ತದೆ. ಒಂದೇ ಕಡತದಲ್ಲಿ ಎಲ್ಲವನ್ನೂ ಕಾಣಬಹುದೆಂಬುದೇ ಎಕ್ಸ್‌ಎಂಎಲ್‌ನ ಆಕರ್ಷಣೆಯಾಗಿತ್ತು. ಸಣ್ಣ ಸಂಚಯಗಳಿಗೆ, ಕೇವಲ ಪುಟವಿನ್ಯಾಸ ಬೇಕಾದ ಪ್ರಕಟಣೆಗಳಿಗೆ ಈ ಭಾರ ಬೇಡ. ಆದರೆ ವಿಭಕ್ತಿಯನ್ನೋ ಸಂಧಿಯನ್ನೋ ಎಣಿಸಲು ಬಳಕೆಯಾಗುವ ಯಾವುದೇ ಸಂಚಯ ಇದನ್ನು ಹೊರಲೇಬೇಕು.

ಸಂಶೋಧನ ವಿದ್ಯಾರ್ಥಿಗಳಿಗೆ ಇದು ದೂರದ ಮಾತೆನಿಸಬಹುದು. ಕ್ಷೇತ್ರಕಾರ್ಯದ ಮುದ್ರಣಗಳಿಗೆ ಇಲಾನ್ ಬಳಸುವವರು ಉಳಿಸುವ ಪ್ರತಿಯೊಂದು ಕಡತವೂ ಎಕ್ಸ್‌ಎಂಎಲ್ಲೇ. ಅದರ ಪದರಗಳನ್ನು ರೂಪಿಸುವಾಗ ಅವರು ಸ್ಕೀಮಾ ಬರೆಯುತ್ತಿರುತ್ತಾರೆ, ಹಾಗೆಂದು ತಿಳಿಯದೆ. ಆ ಪದರಗಳಲ್ಲಿ ಮಾಡಿದ ವಿಶ್ಲೇಷಣೆ ಮಹಾಪ್ರಬಂಧದ ಪುಟಕ್ಕೆ ಬರುವಾಗ ಮೂರು ಸಾಲಿನ ಪದಾರ್ಥ ಟಿಪ್ಪಣಿಯಾಗುತ್ತದೆ, ಪತ್ರಿಕೆಯ ಎಕ್ಸ್‌ಎಂಎಲ್‌ಗೆ ಬರುವಾಗ ಅನೇಕ ವೇಳೆ ಬರೀ ಕೋಷ್ಟಕವಾಗುತ್ತದೆ. ಯಾವ ಆಕೃತಿಮಾಕ್ಕೆ ಯಾವ ಅರ್ಥ ಎಂಬ ಸಂಬಂಧ ಅಲ್ಲಿ ಉಳಿಯುವುದು ಖಾನೆಗಳ ಮೇಲುಕೆಳಗಿನ ನೇರದಲ್ಲಿ ಮಾತ್ರ. ಮೂಲದಲ್ಲಿ ಇದ್ದ ರಚನೆಯನ್ನು ಪ್ರಕಟಣೆಯ ದಾರಿಯಲ್ಲಿ ನಾವೇ ಅಳಿಸುತ್ತಿದ್ದೇವೆ. ಪ್ರಬಂಧದೊಡನೆ ಪಿಡಿಎಫ್ ಒಂದನ್ನೇ ಪಡೆಯುವ ವಿಶ್ವವಿದ್ಯಾಲಯಗಳು ಮೂಲಕಡತಗಳನ್ನೂ ಕೇಳಿ ಪಡೆಯಬೇಕು. ಅವುಗಳೊಡನೆ ಪ್ರತಿ ಟ್ಯಾಗು ಯಾವ ವ್ಯಾಕರಣ ನಿರ್ಣಯವನ್ನು ಸೂಚಿಸುತ್ತದೆ ಎಂಬ ವಿವರಣಪತ್ರವೂ ಇರಬೇಕು. ನಿರ್ಣಯ ಯಾರದು, ಎಷ್ಟು ಖಚಿತ ಎಂದು ದಾಖಲಿಸಲು ಟಿಇಐನಲ್ಲಿ ಗುಣಲಕ್ಷಣಗಳು ಈಗಾಗಲೇ ಇವೆ. ಮರದಲ್ಲಿ ಎಂಬುದರ ದಕಾರವನ್ನು ಆಗಮವೆಂದು ಗುರುತಿಸಿದವರ ಹೆಸರೂ, ಅವರಿಗಿದ್ದ ಅನುಮಾನವೂ ಆ ಎರಡು ಗುಣಲಕ್ಷಣಗಳಲ್ಲಿ ಹಿಡಿಯುತ್ತವೆ.